ಬಾಲ ಅಲ್ಲಾಡಿಸುವ ಕ್ಯಾರವಾನ್, ಮೆತ್ತಗಾದ ನೆಲ

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಮನೆ ಕೊಡಗಿನ ನಾಪೋಕ್ಲು ಹತ್ತಿರ. ಯಜಮಾನರು ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಕೊಯಮತ್ತೂರಿನವರೊಬ್ಬರಿಂದ 16 ಅಡಿಯ ಹಳೇ ಕ್ಯಾರವಾನ್ ಟ್ರೈಲರ್ ತೆಗೆದುಕೊಂಡೆವು. ನಮ್ಮ ಡೀಸೆಲ್ ಎಸ್‌ಯುವಿಗೆ ಕಟ್ಟಿ ಎಳೆಯುತ್ತೇವೆ. ತಗಡಿನ ಮೇಲೆ ಖಾಲಿ ತೂಕ 950 ಕೆಜಿ, ಒಟ್ಟು 1300 ಕೆಜಿ ಎಂದಿದೆ. ಏಪ್ರಿಲ್‌ನಲ್ಲಿ ಮೈಸೂರಿನಿಂದ ಬರುವಾಗ, ಪಿರಿಯಾಪಟ್ಟಣ ದಾಟಿದ ಮೇಲೆ ಒಂದು ಬಸ್ಸು ನಮ್ಮನ್ನು ಓವರ್‌ಟೇಕ್ ಮಾಡಿತು. ಟ್ರೈಲರ್ ಎಡಕ್ಕೂ ಬಲಕ್ಕೂ ತೂಗಾಡಿ ಕಾರನ್ನೇ ಎಳೆದಾಡಿಬಿಟ್ಟಿತು. ಸ್ಪೀಡು 80ರ ಹತ್ತಿರ ಇತ್ತು. ಕಾರಿನ ಹಿಂಭಾಗ ಕೆಳಗೆ ಕೂರುತ್ತಿದೆ, ಭಾರವನ್ನು ಟ್ರೈಲರಿನ ಹಿಂದಕ್ಕೆ ಹಾಕಿ ಎಂದು ಪರಿಚಯದವರು ಹೇಳಿದ್ದರಿಂದ 25 ಕೆಜಿಯ ಎರಡು ಅಕ್ಕಿ ಮೂಟೆಗಳನ್ನು ಹಿಂದಿನ ಟಾಯ್ಲೆಟ್ಟಿನಲ್ಲಿ ಇಟ್ಟಿದ್ದೆವು. 90 ಲೀಟರಿನ ನೀರಿನ ಟ್ಯಾಂಕೂ ಅಲ್ಲೇ ಕೆಳಗಿದೆ, ತುಂಬಿತ್ತು. ಮಳೆಗಾಲ ಪೂರ್ತಿ ನೀಲಿ ಟಾರ್ಪಾಲು ಬಿಗಿಯಾಗಿ ಸುತ್ತಿ ಅಂಗಳದಲ್ಲಿ ನಿಲ್ಲಿಸಿದ್ದೆವು. ಸೆಪ್ಟೆಂಬರಿನ ಕೈಲ್‌ಪೋದ್ ಹಬ್ಬ ಕಳೆದ ಮೇಲೆ ತೆರೆದರೆ ಬೂಷ್ಟು ವಾಸನೆ, ಬಾಗಿಲ ಪಕ್ಕದಲ್ಲಿ ನೆಲ ಕಾಲಿಗೆ ಮೆತ್ತಗೆ ಸಿಗುತ್ತದೆ. ಬ್ರೇಕ್ ಇದೆ ಎನ್ನುತ್ತಾರೆ ಯಜಮಾನರು, ನನಗೆ ನಂಬಿಕೆಯಿಲ್ಲ. ಇರುವೆ ಬರುತ್ತದೆ ಎಂದು ಒಲೆಯ ಕೆಳಗಿನ ತೂತುಗಳನ್ನೆಲ್ಲ ಬಟ್ಟೆ ತುರುಕಿ ಮುಚ್ಚಿದ್ದಾರೆ. ಮಗ ಮಾರಿಬಿಡಿ ಅನ್ನುತ್ತಾನೆ, ಇಲ್ಲದಿದ್ದರೆ ಎಸಿ ಹಾಕಿಸೋಣ ಅಂತಲೂ ಅನ್ನುತ್ತಾನೆ. ಡಿಸೆಂಬರಿನಲ್ಲಿ ಸಂಪಾಜೆ ಘಾಟಿ ಇಳಿದು ಮಂಗಳೂರಿಗೆ ಹೋಗುವ ಆಸೆ. ಹೋಗಬಹುದಾ?

ಉತ್ತರ:

ಟೀಚರ್, ನೀವು ಕೇಳಿದ್ದು ಐದಾರು ಪ್ರಶ್ನೆ. ಬುಡದಲ್ಲಿ ಇರುವುದು ಎರಡೇ. ತೂಕ ಎಲ್ಲಿ ಕೂತಿದೆ, ನೀರು ಎಲ್ಲಿಂದ ಒಳಗೆ ಬಂದಿದೆ. ಕುಶಾಲನಗರದಲ್ಲಿ ವರ್ಕ್‌ಶಾಪ್ ಇಟ್ಟುಕೊಂಡು 18 ವರ್ಷವಾಯಿತು. ಟ್ರಾಕ್ಟರ್ ಟ್ರೈಲರಿನಿಂದ ಶುರು ಮಾಡಿ ಈಗ ಕ್ಯಾರವಾನ್ ತನಕ ಬಂದಿದ್ದೇನೆ. ಇಷ್ಟು ವರ್ಷದಲ್ಲಿ ನನ್ನ ಶೆಡ್ಡಿಗೆ ಬಂದ ಕ್ಯಾರವಾನ್‌ಗಳಲ್ಲಿ ಓಡಿ ಕೆಟ್ಟವು ಕಡಿಮೆ, ನಿಂತು ಕೆಟ್ಟವೇ ಜಾಸ್ತಿ. ನಮ್ಮ ಊರಿನ ಮಳೆಗೆ ಅದನ್ನು ಯಾರೂ ಕಟ್ಟಿರುವುದಿಲ್ಲ ನೋಡಿ.

ಮೊದಲು ಬಾಲ ಅಲ್ಲಾಡಿಸಿದ ವಿಷಯ. ನಿಮ್ಮ ಕಾರು ಚಿಕ್ಕದಾಯಿತು, ಬಸ್ಸಿನ ಗಾಳಿಗೆ ಹೀಗಾಯಿತು ಎಂದು ನೀವು ಅಂದುಕೊಂಡಿರಬಹುದು. ಬಸ್ಸಿನ ಗಾಳಿ ಬರೀ ತಳ್ಳಿತು, ಅಷ್ಟೇ. ತೂಗಾಡಲು ಟ್ರೈಲರ್ ಮೊದಲೇ ತಯಾರಾಗಿ ಕೂತಿತ್ತು. ಇದನ್ನು ಲೆಕ್ಕದಲ್ಲೇ ತೋರಿಸುತ್ತೇನೆ, ನೀವು ಟೀಚರ್ ಅಲ್ವಾ, ಬೇಜಾರಾಗುವುದಿಲ್ಲ ಅಂದುಕೊಂಡಿದ್ದೇನೆ.

ಟ್ರೈಲರ್ ಅಂದರೆ ಚಕ್ರದ ಮೇಲೆ ಕೂತ ತಕ್ಕಡಿ. ಚಕ್ರದ ಅಚ್ಚು, ಅಂದರೆ ಆಕ್ಸಲ್, ಮಧ್ಯದಲ್ಲಿ, ಮುಂದೆ ಕಾರಿಗೆ ಸಿಕ್ಕಿಸುವ ಕೊಂಡಿ, ಅಂದರೆ ಹಿಚ್, ಹಿಂದೆ ಬಾಲ. 16 ಅಡಿಯ ಗಾಡಿಯಲ್ಲಿ ಆಕ್ಸಲ್‌ನಿಂದ ಹಿಚ್‌ಗೆ ಸುಮಾರು ಮೂರೂವರೆ ಮೀಟರ್ ಇರುತ್ತದೆ, ಆಕ್ಸಲ್‌ನಿಂದ ಹಿಂದಿನ ಟಾಯ್ಲೆಟ್ಟಿಗೆ ಸುಮಾರು ಎರಡು ಮೀಟರ್. ಒಂದು ಲೀಟರ್ ನೀರು ಒಂದು ಕೆಜಿ. ಹಾಗಾಗಿ ನಿಮ್ಮ ತುಂಬಿದ ಟ್ಯಾಂಕು 90 ಕೆಜಿ. ಅದು ಎರಡು ಮೀಟರ್ ಹಿಂದೆ ಕೂತಾಗ ಮುಂದಿನ ಹಿಚ್ ಮೇಲಿನ ಭಾರದಲ್ಲಿ ಸುಮಾರು 51 ಕೆಜಿ ಕಳೆಯಿತು. 90ನ್ನು 2ರಿಂದ ಗುಣಿಸಿ 3.5ರಿಂದ ಭಾಗಿಸಿ. ಅಕ್ಕಿ 50 ಕೆಜಿ, ಅದೂ ಅಲ್ಲೇ, ಇನ್ನು 29 ಹೋಯಿತು. ಒಟ್ಟು 80. ಇಂಥ ಗಾಡಿ ಖಾಲಿ ಇದ್ದಾಗ ಮೂತಿಯ ಭಾರ, ಅಂದರೆ ಹಿಚ್ ಮೇಲೆ ಕೂರುವ ಭಾರ, 80–90 ಕೆಜಿ ಇರುತ್ತದೆ. ಅಂದರೆ ಆ ದಿನ ನಿಮ್ಮ ಟ್ರೈಲರ್ ಮೂತಿ ಕಾರಿನ ಮೇಲೆ ಕೂತಿರಲೇ ಇಲ್ಲ. ಸುಮ್ನೆ ಸಿಕ್ಕಿಕೊಂಡಿತ್ತು.

ಮೂತಿ ಹಗುರಾದ ಟ್ರೈಲರನ್ನು ಸ್ವಲ್ಪ ಪಕ್ಕಕ್ಕೆ ತಳ್ಳಿದರೆ ಹಿಂದಿನ ಭಾರ ಲೋಲಕದ ಹಾಗೆ ಅದನ್ನು ಆಚೆಗೆ ಎಸೆಯುತ್ತದೆ. ಮತ್ತೆ ಈಚೆಗೆ. 50ರಲ್ಲಿ ತಾನಾಗಿ ನಿಲ್ಲುವ ಈ ಆಟ 80ರಲ್ಲಿ ನಿಲ್ಲುವುದಿಲ್ಲ, ಪ್ರತಿ ಸಲಕ್ಕೂ ದೊಡ್ಡದಾಗುತ್ತಾ ಹೋಗುತ್ತದೆ. ಭಾರ ಹಿಂದಕ್ಕೆ ಹಾಕಿ ಎಂದ ನಿಮ್ಮ ಪರಿಚಯದವರು ಒಳ್ಳೆ ಮನಸ್ಸಿನಿಂದಲೇ ಹೇಳಿರುತ್ತಾರೆ. ಆದರೆ ಈ ಒಂದು ಸಲಹೆಯಿಂದ ಮಗುಚಿದ ಗಾಡಿಗಳನ್ನು ನಾನು ಕ್ರೇನಿನಲ್ಲಿ ಎತ್ತಿಸಿದ್ದೇನೆ. ಕಾರಿನ ಹಿಂಭಾಗ ಕೂರುತ್ತಿದ್ದರೆ ಅದಕ್ಕೆ ಔಷಧಿ ಕಾರಿನಲ್ಲೇ ಇದೆ. ಹಿಂದಿನ ಸ್ಪ್ರಿಂಗ್ ಸೋತಿದೆಯಾ, ಹಿಂದಿನ ಟೈರ್ ಗಾಳಿ ಸರಿ ಇದೆಯಾ, ಹಿಚ್ ಎತ್ತರ ಟ್ರೈಲರಿಗೆ ಹೊಂದುತ್ತದಾ ನೋಡಿಸಿ. ಡಿಕ್ಕಿಯಲ್ಲಿ ತುಂಬಿದ ಸಾಮಾನು ಎಷ್ಟು ಅಂತಲೂ ನೋಡಿ. ಮತ್ತೊಂದು, ಕಾರಿನ ಮ್ಯಾನುಯಲ್‌ನಲ್ಲಿ ಎಷ್ಟು ಕೆಜಿ ಎಳೆಯಬಹುದು ಎಂದು ಬರೆದಿರುವ ಪುಟ ಓದಿ. ಎಳೆಯಲೇಬಾರದು ಎಂದು ಬರೆದಿದ್ದರೆ ಅಲ್ಲಿಗೆ ಮಾತು ಮುಗಿಯಿತು, ಎಂಜಿನ್ನಿಗೆ ತಾಕತ್ತಿದೆ ಅನ್ನುವ ವಾದ ನಡೆಯುವುದಿಲ್ಲ.

ತೂಗುವುದು ಹೇಗೆ? ನಿಮ್ಮ ಮನೆಯಲ್ಲಿ ಹಣ್ಣು ಕುಯ್ಯುವ ಕಾಲದಲ್ಲಿ ಸಂಜೆ ಕಾಫಿ ಹಣ್ಣು ತೂಗುವ ಪ್ಲಾಟ್‌ಫಾರ್ಮ್ ತಕ್ಕಡಿ ಇರುತ್ತದೆ ಅಲ್ವಾ? ಅದೇ ಸಾಕು. ಕಣದಂಥ ಸಮತಟ್ಟು ಜಾಗದಲ್ಲಿ ಟ್ರೈಲರ್ ನಿಲ್ಲಿಸಿ, ಚಕ್ರಕ್ಕೆ ಎರಡೂ ಕಡೆ ಕಟ್ಟಿಗೆ ಕೊಡಿ. ಹೊರಡುವ ದಿನ ಏನೇನು ತುಂಬುತ್ತೀರೋ ಅದೆಲ್ಲ ತುಂಬಿರಬೇಕು. ಹಿಚ್ ಕೆಳಗೆ ಒಂದು ಗಟ್ಟಿ ಮರದ ತುಂಡು ನೆಟ್ಟಗೆ ನಿಲ್ಲಿಸಿ, ತಕ್ಕಡಿಯ ಮೇಲೆ ಇಡಿ. ಮುಂದಿನ ಸಣ್ಣ ಚಕ್ರ ಮೇಲೆತ್ತಿ. ಕಾರಿಗೆ ಕಟ್ಟಿದಾಗ ಹಿಚ್ ಯಾವ ಎತ್ತರದಲ್ಲಿ ಇರುತ್ತದೋ ಅದೇ ಎತ್ತರ ಇರಲಿ. ಮುಳ್ಳು ತೋರಿಸಿದ್ದೇ ಮೂತಿಯ ಭಾರ. ತುಂಬಿದ ತೂಕ 1200 ಕೆಜಿ ಅಂದರೆ 85ರಿಂದ 120 ಕೆಜಿ ಒಳಗೆ ಬರಬೇಕು. ಹಿಚ್ ಮೇಲೆ ಕಾರು ಎಷ್ಟು ತಾಳುತ್ತದೆ ಎಂಬ ಮಿತಿ ಅದಕ್ಕಿಂತ ಕಡಿಮೆ ಇದ್ದರೆ ಆ ಮಿತಿಯೇ ಕೊನೆ. ಒಟ್ಟು ತೂಕಕ್ಕೆ ವೇಬ್ರಿಡ್ಜ್ ಬೇಕು. ಕಾಫಿ ಲೋಡು ತೂಗುವ ಜಾಗಗಳು ಕೂಡ್ಲೂರಿನ ಕಡೆ ಇವೆ, ಕೇಳಿದರೆ ತೂಗಿ ಚೀಟಿ ಕೊಡುತ್ತಾರೆ. ಚೀಟಿ ನೋಡಿ ದಂಗಾಗಬೇಡಿ. ಪಾತ್ರೆ, ಹಾಸಿಗೆ, ಕುರ್ಚಿ, ಗ್ಯಾಸ್, ಬ್ಯಾಟರಿ ಸೇರಿ 350 ಕೆಜಿ ಯಾವಾಗ ಮುಗಿಯಿತು ಅಂತಲೇ ಗೊತ್ತಾಗುವುದಿಲ್ಲ. ಭಾರದ ಸಾಮಾನು ಕೆಳಗೆ, ಆಕ್ಸಲ್ ಮೇಲೆ ಅಥವಾ ಸ್ವಲ್ಪ ಮುಂದೆ. ನೀರು ಊರು ತಲುಪಿದ ಮೇಲೆ ತುಂಬಿಸಿಕೊಳ್ಳಿ, ದಾರಿಗೆ ಎರಡು ಕ್ಯಾನ್ ಸಾಕು.

ಮತ್ತೆ ತೂಗಾಡಿದರೆ? ಆಕ್ಸಿಲರೇಟರ್ ಒತ್ತಿದರೆ ನೇರವಾಗುತ್ತದೆ ಎಂದು ಕೆಲವು ಡ್ರೈವರುಗಳು ಹೇಳುತ್ತಾರೆ, ನಂಬಬೇಡಿ. ಜೋರಾಗಿ ಬ್ರೇಕ್ ಒತ್ತುವುದೂ ಅಪಾಯ, ಸ್ಟೀರಿಂಗ್ ಆಚೀಚೆ ತಿರುಗಿಸಿ ಸರಿ ಮಾಡಲು ಹೋಗುವುದು ಇನ್ನೂ ಅಪಾಯ. ಕಾಲು ತೆಗೆಯಿರಿ, ಸ್ಟೀರಿಂಗ್ ನೆಟ್ಟಗೆ ಹಿಡಿಯಿರಿ, ಗಾಡಿ ತಾನಾಗಿ ನಿಧಾನವಾಗಲಿ. ಆ ಎರಡು ಮೂರು ಸೆಕೆಂಡು ಏನೂ ಮಾಡದೆ ಕೂರುವುದು ಕಷ್ಟ, ನನಗೆ ಗೊತ್ತು. ತೂಗಾಟ ತಡೆಯುವ ಹಿಚ್ ಅಂತ ಸಿಗುತ್ತದೆ, ಹಾಕಿಸಬಹುದು. ಆದರೆ ತಪ್ಪು ಲೋಡಿಂಗಿಗೆ ಅದು ಔಷಧಿಯಲ್ಲ, ನೋವಿನ ಮಾತ್ರೆ. ನಿಮ್ಮಂಥ ಗಾಡಿಗೆ ಹುಣಸೂರು ರಸ್ತೆಯಲ್ಲೂ 60 ಸಾಕು ಅನ್ನುವವನು ನಾನು. ಹಿಂದಿನವರು ಹಾರ್ನ್ ಹೊಡೆಯಲಿ.

ಈಗ ಬ್ರೇಕ್. ನೀವಿಬ್ಬರೂ ಜಗಳ ಆಡಬೇಕಿಲ್ಲ, ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಹಿಚ್ ಹಿಂದೆ ಅಕಾರ್ಡಿಯನ್ ಥರ ಮಡಿಕೆ ಇರುವ ಕಪ್ಪು ರಬ್ಬರ್ ಇದ್ದರೆ ಅದು ಓವರ್‌ರನ್ ಬ್ರೇಕ್. ಕಾರು ನಿಧಾನವಾದಾಗ ಟ್ರೈಲರ್ ಮುಂದಕ್ಕೆ ತಳ್ಳುತ್ತದೆ, ಆ ತಳ್ಳುವ ಬಲವೇ ಕೇಬಲ್ ಎಳೆದು ಬ್ರೇಕ್ ಹಿಡಿಸುತ್ತದೆ. ಚಕ್ರದಿಂದ ಎರಡು ವೈರು ಹೊರಬಂದು ಕಾರಿನ ಪ್ಲಗ್ಗಿಗೆ ಸೇರಿದ್ದರೆ ಎಲೆಕ್ಟ್ರಿಕ್ ಬ್ರೇಕ್ ಇರಬಹುದು. ಅದಕ್ಕೆ ಕಾರಿನೊಳಗೆ ಕಂಟ್ರೋಲರ್ ಬೇಕು, ಇಲ್ಲದಿದ್ದರೆ ಬ್ರೇಕ್ ಇದ್ದೂ ಇಲ್ಲದ ಹಾಗೆ. ಒಂದೊಂದೇ ಚಕ್ರ ಜಾಕಿ ಕೊಟ್ಟು ಎತ್ತಿ, ಕೈಬ್ರೇಕ್ ಎಳೆದು ಚಕ್ರ ತಿರುಗಿಸಿ ನೋಡಿ. ಒಂದು ನಿಂತು ಇನ್ನೊಂದು ತಿರುಗಿದರೆ ಅದೂ ಕೆಟ್ಟದ್ದೇ, ಗಟ್ಟಿಯಾಗಿ ಬ್ರೇಕ್ ಹಿಡಿದಾಗ ಗಾಡಿ ಒಂದು ಕಡೆಗೆ ಎಳೆಯುತ್ತದೆ. ಮಳೆಗಾಲ ನಿಂತ ಗಾಡಿಯಲ್ಲಿ ಲೈನರ್ ಡ್ರಮ್ಮಿಗೆ ಅಂಟಿರುವುದು, ಕೇಬಲ್ ತುಕ್ಕು ಹಿಡಿದಿರುವುದು ನಮ್ಮಲ್ಲಿ ತೀರಾ ಮಾಮೂಲು. ಅದಕ್ಕೇ ನಿಲ್ಲಿಸುವಾಗ ಕೈಬ್ರೇಕ್ ಹಾಕಿಡಬೇಡಿ, ಚಕ್ರಕ್ಕೆ ಕಟ್ಟಿಗೆ ಕೊಡಿ.

ಸಂಪಾಜೆ ಘಾಟಿ ಯಾಕೆ ಬೇರೆ ಥರ ಎಂದರೆ, ಮಡಿಕೇರಿಯಿಂದ ಸಂಪಾಜೆಗೆ ನೀವು ಸುಮಾರು ಸಾವಿರ ಮೀಟರ್ ಕೆಳಗೆ ಇಳಿಯುತ್ತೀರಿ. ಕಾರು, ಟ್ರೈಲರ್ ಸೇರಿ ಮೂರು ಟನ್ ಅಂದುಕೊಳ್ಳಿ. ಅಷ್ಟು ಭಾರ ಅಷ್ಟು ಎತ್ತರದಿಂದ ಇಳಿಯುವಾಗ ಹೊರಬೀಳುವ ಶಕ್ತಿಯಲ್ಲಿ 90 ಲೀಟರ್ ತಣ್ಣೀರನ್ನು ಕುದಿಸಬಹುದು. ನಿಮ್ಮ ಬಚ್ಚಲ ಮನೆಯ ಹಂಡೆ ಪೂರ್ತಿ! ಗಾಳಿ, ಟೈರು ಸ್ವಲ್ಪ ತಿನ್ನುತ್ತವೆ. ಉಳಿದದ್ದನ್ನೆಲ್ಲ ಎಂಜಿನ್ ತಿನ್ನಬೇಕು, ಇಲ್ಲದಿದ್ದರೆ ಅಂಗೈಯಗಲದ ಬ್ರೇಕ್ ಲೈನರುಗಳು ತಿನ್ನಬೇಕು. ಓವರ್‌ರನ್ ಬ್ರೇಕಿನ ಕಷ್ಟ ಏನೆಂದರೆ, ಇಳಿಜಾರಿನಲ್ಲಿ ಟ್ರೈಲರ್ ತಳ್ಳುತ್ತಲೇ ಇರುತ್ತದೆ, ಹಾಗಾಗಿ ಬ್ರೇಕ್ ಉಜ್ಜುತ್ತಲೇ ಇರುತ್ತದೆ.

ನಾನೇ ಒಂದು ಸಲ ಗಿರಾಕಿಯ ಟ್ರೈಲರ್ ಕಟ್ಟಿಕೊಂಡು ಇಳಿಯುತ್ತಿದ್ದೆ. ಮೂರನೇ ಗೇರಿನಲ್ಲಿ, ಮಾತಾಡುತ್ತಾ, ಆರಾಮಾಗಿ. ಮದೆನಾಡು ದಾಟಿದ ಮೇಲೆ ಸುಟ್ಟ ವಾಸನೆ ಬಂತು, ಮುಂದಿನ ಲಾರಿಯದ್ದು ಅಂದುಕೊಂಡೆ. ಆಮೇಲೆ ನೋಡಿದರೆ ಮುಂದೆ ಲಾರಿಯೇ ಇಲ್ಲ. ನಿಲ್ಲಿಸಿ ಇಳಿದಾಗ ಡ್ರಮ್ಮಿನ ಸುತ್ತ ಗಾಳಿ ಬಿಸಿಗೆ ನಡುಗುತ್ತಿತ್ತು, ಹುಲ್ಲಿನಿಂದ ತೊಟ್ಟಿಕ್ಕಿದ ಒಂದು ಹನಿ ಬಿದ್ದು ಚುಂಯ್ ಅಂತು. ಮುಕ್ಕಾಲು ಗಂಟೆ ಅಲ್ಲೇ ಕೂತೆವು. ಬಿಸಿ ಡ್ರಮ್ಮಿಗೆ ನೀರು ಹೊಯ್ಯಲು ಒಬ್ಬರು ಬಾಟಲ್ ತಂದರು, ನಾನು ಬಿಡಲಿಲ್ಲ, ಡ್ರಮ್ ಬಿರಿಯುತ್ತದೆ.

ಆದ್ದರಿಂದ, ಇಳಿಯುವ ಮೊದಲೇ ಗೇರ್ ಇಳಿಸಿ. ಎರಡನೇ ಗೇರ್, ಬೇಕಾದರೆ ಒಂದನೆಯದು. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇರಬೇಡಿ. ಒಮ್ಮೆ ಗಟ್ಟಿಯಾಗಿ ಹಿಡಿದು ಸ್ಪೀಡು ತಗ್ಗಿಸಿ, ಪೂರ್ತಿ ಬಿಡಿ. ಎರಡು ಸಲವಾದರೂ ಅಗಲವಾದ ಜಾಗ ನೋಡಿ ನಿಲ್ಲಿಸಿ, ಕಾಫಿ ಕುಡಿಯಿರಿ. ತಿರುವಿನಲ್ಲಿ ಟ್ರೈಲರ್ ಒಳಗಿನಿಂದ ಕತ್ತರಿಸಿಕೊಂಡು ಬರುತ್ತದೆ, ಕಾರನ್ನು ಸ್ವಲ್ಪ ಅಗಲಕ್ಕೆ ಒಯ್ದು ತಿರುಗಿಸಿ. ಡಿಸೆಂಬರಿನಲ್ಲಿ ಬ್ರೇಕ್ ಸರಿ ಇದ್ದರೆ ಧಾರಾಳವಾಗಿ ಹೋಗಿ. ಜುಲೈ, ಆಗಸ್ಟಿನಲ್ಲಿ ಕೇಳಿದ್ದರೆ ಬೇಡವೇ ಬೇಡ ಅನ್ನುತ್ತಿದ್ದೆ. 2018ರ ಆಗಸ್ಟಿನಲ್ಲಿ ಇದೇ ಹೆದ್ದಾರಿ ಜೋಡುಪಾಲದ ಕಡೆ ಗುಡ್ಡ ಕುಸಿದು ಏನಾಯಿತು ಅಂತ ನಿಮಗೆ ನಾನು ಹೇಳಬೇಕಿಲ್ಲ. ಹತ್ತಿರ ಆಗುತ್ತದೆ ಎಂದು ಭಾಗಮಂಡಲ, ಕರಿಕೆ, ಪಾಣತ್ತೂರು ದಾರಿ ಹಿಡಿಯಬೇಡಿ. ಕಾರಿಗೆ ಚೆಂದದ ರಸ್ತೆ. ಟ್ರೈಲರ್ ಕಟ್ಟಿಕೊಂಡು ಎದುರಿಗೆ ಬಸ್ಸು ಬಂದರೆ ಹಿಂದಕ್ಕೆ ತೆಗೆಯುವವರು ನೀವೇ.

ಟೈರು, ಬೇರಿಂಗ್ ಬಗ್ಗೆ ನೀವು ಕೇಳಿಲ್ಲ, ಆದರೂ ಎರಡು ಮಾತು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2318 ಎಂದರೆ 2018ರ 23ನೇ ವಾರ ತಯಾರಾದದ್ದು. ಕ್ಯಾರವಾನ್ ಟೈರು ಸವೆದು ಸಾಯುವುದಿಲ್ಲ, ಮುದಿಯಾಗಿ ಸಾಯುತ್ತದೆ. ಟೈರಿನ ಗೀರು ಎಷ್ಟೇ ಆಳ ಇರಲಿ, ಆರು ವರ್ಷ ದಾಟಿದ್ದರೆ ತೆಗೆಸಿ. ಲೋಡ್ ಇಂಡೆಕ್ಸ್ 91 ಅಂದರೆ ಒಂದು ಟೈರು 615 ಕೆಜಿ ಹೊರುತ್ತದೆ, ಎರಡಕ್ಕೆ 1230, ನಿಮ್ಮ 1300ಕ್ಕೆ ಸಾಲದು. 98 ಅಂದರೆ 750, ಅಂಥದ್ದು ಹಾಕಿಸಿ. ಬೇರಿಂಗನ್ನು ವರ್ಷಕ್ಕೊಮ್ಮೆ ಬಿಚ್ಚಿ ತೊಳೆದು ಹೊಸ ಗ್ರೀಸ್ ಹಾಕಿಸಬೇಕು. ಓಡಿ ಬಿಸಿಯಾದ ಹಬ್ (ಬೇರಿಂಗ್ ಕೂತಿರುವ ಚಕ್ರದ ನಡುಭಾಗ) ರಸ್ತೆಯ ನೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಆಮೇಲೆ ಅದು ಹಾಲು ಬೆರೆಸಿದ ಗ್ರೀಸು. ಹೊರಟು 20 ಕಿಲೋಮೀಟರ್ ಆದ ಮೇಲೆ ನಿಲ್ಲಿಸಿ ಎರಡೂ ಹಬ್ಬಿನ ಹತ್ತಿರ ಅಂಗೈ ಒಯ್ದು ನೋಡಿ. ಒಂದು ಬೆಚ್ಚಗೆ, ಇನ್ನೊಂದು ಕೈ ಇಡಲಾಗದಷ್ಟು ಬಿಸಿ ಅಂದರೆ ಅಲ್ಲೇ ನಿಂತುಕೊಳ್ಳಿ.

ಇನ್ನು ಮೆತ್ತಗಿನ ನೆಲ. ನಿಜವಾದ ಖರ್ಚು ಇರುವುದು ಇಲ್ಲಿ.

ನೀಲಿ ಟಾರ್ಪಾಲು ಸುತ್ತಿದರೆ ಗಾಡಿ ಒಣಗಿರುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಕಟ್ಟಿಗೆ ರಾಶಿಗೆ ಸರಿ, ಕ್ಯಾರವಾನಿಗೆ ಅಲ್ಲ. ಕಕ್ಕಡದಲ್ಲಿ, ಅಂದರೆ ಜುಲೈ-ಆಗಸ್ಟಿನ ಜೋರು ಮಳೆಯ ತಿಂಗಳಲ್ಲಿ, ನಮ್ಮ ಗಾಳಿಯೇ ನೀರು. ಬೀರುವಿನೊಳಗೆ ಇಟ್ಟ ಚಪ್ಪಲಿಗೇ ಬೂಷ್ಟು ಬರುತ್ತದೆ. ಬಿಗಿಯಾಗಿ ಸುತ್ತಿದ ಪ್ಲಾಸ್ಟಿಕ್ಕಿನ ಒಳಗೆ ಆ ತೇವ ಸಿಕ್ಕಿಕೊಂಡು, ರಾತ್ರಿ ತಣ್ಣಗಾದಾಗ ಹನಿಯಾಗಿ ಗೋಡೆಗೆ ಇಳಿಯುತ್ತದೆ, ಬೆಳಿಗ್ಗೆ ಆವಿಯಾಗುತ್ತದೆ, ಮತ್ತೆ ರಾತ್ರಿ ಇಳಿಯುತ್ತದೆ. ಮೂರು ತಿಂಗಳು ಇದೇ ಕೆಲಸ. ಜೊತೆಗೆ ಗಾಳಿಗೆ ಹೊಡೆದುಕೊಳ್ಳುವ ಟಾರ್ಪಾಲು ಕಿಟಕಿ ಮತ್ತು ಸಂದಿಯ ಸೀಲನ್ನು ಉಜ್ಜಿ ಉಜ್ಜಿ ಸವೆಸುತ್ತದೆ.

ಆದರೆ ನಿಮ್ಮ ಬಾಗಿಲ ಪಕ್ಕದ ನೆಲ ಬರೀ ತೇವಕ್ಕೆ ಹಾಗಾದದ್ದು ಅನ್ನಿಸುವುದಿಲ್ಲ. ನೀರು ಒಳಬಂದಿದೆ. ಅದು ಹೊಕ್ಕ ಜಾಗವೇ ಬೇರೆ, ಕಾಣಿಸುವ ಜಾಗವೇ ಬೇರೆ. ಬಾಗಿಲ ಮೇಲೆ ಶಾಮಿಯಾನ ಸಿಕ್ಕಿಸುವ ಅಲ್ಯೂಮಿನಿಯಂ ಪಟ್ಟಿ ಇರುತ್ತದಲ್ಲ, ಅದರ ಸ್ಕ್ರೂ ತೂತುಗಳನ್ನು ಮೊದಲು ನೋಡಿ. ಅಲ್ಯೂಮಿನಿಯಂಗೆ ಕಬ್ಬಿಣದ ಸ್ಕ್ರೂ ಹಾಕಿದ್ದರೆ ಅವೆರಡರ ನಡುವೆ ತುಕ್ಕಾಗಿ ತೂತು ದೊಡ್ಡದಾಗುತ್ತದೆ. ಅಲ್ಲಿ ಹೊಕ್ಕ ನೀರು ಗೋಡೆಯ ಒಳಗಿನ ಮರದ ಚೌಕಟ್ಟಿನ ಗುಂಟ ಇಳಿದು ನೆಲದಲ್ಲಿ ಕೂರುತ್ತದೆ. ಒಮ್ಮೆ ಸುಂಟಿಕೊಪ್ಪದ ಕಡೆಯ ಒಂದು ಗಾಡಿಯ ಕಿಟಕಿ ಪಟ್ಟಿ ಬಿಚ್ಚಿದೆ. ಹೊರಗಿನಿಂದ ಫಳಫಳ ಹೊಳೆಯುತ್ತಿತ್ತು. ಪಟ್ಟಿ ಕೈಗೆ ಬರುತ್ತಿದ್ದ ಹಾಗೆ ಒಂದು ಹಿಡಿ ಕಪ್ಪು ಪುಡಿ ಇರುವೆ ಸಮೇತ ಅಂಗೈಗೆ ಸುರಿಯಿತು. ಸೋಸಿದ ಕಾಫಿ ಚರಟದ ಹಾಗೇ ಇತ್ತು, ಹಾಗೇ ಒದ್ದೆ. ಅದು ಚೌಕಟ್ಟಿನ ಮರ.

ನಿಮ್ಮದು ಯಾವ ಹಂತದಲ್ಲಿದೆ ಎಂದು ನೀವೇ ನೋಡಬಹುದು. ಹೆಬ್ಬೆರಳಿನಿಂದ ಗೋಡೆಯ ಕೆಳಭಾಗ, ಮೂಲೆ, ಕಿಟಕಿಯ ಕೆಳಗೆ ಒತ್ತುತ್ತಾ ಹೋಗಿ. ಗಟ್ಟಿ ಇದ್ದರೆ ಸರಿ, ಬಿಸ್ಕತ್ತಿನ ಹಾಗೆ ಒಳಗೆ ಹೋದರೆ ಗುರುತು ಹಾಕಿ. ನೆಲಕ್ಕೆ ಹಾಸಿದ ಹಾಳೆ ಎತ್ತಿ ಸಣ್ಣ ಸ್ಕ್ರೂಡ್ರೈವರ್ ಚುಚ್ಚಿ. ಮರದ ತೇವ ಅಳೆಯುವ ಮೀಟರ್ ಸಿಕ್ಕರೆ ಇನ್ನೂ ಒಳ್ಳೆಯದು. 15 ಪರ್ಸೆಂಟಿಗಿಂತ ಕೆಳಗಿದ್ದರೆ ನಿದ್ದೆ ಮಾಡಿ. 20 ದಾಟಿದರೆ ನೀರು ಎಲ್ಲಿಂದ ಅಂತ ಹುಡುಕಿ. 30ರ ಮೇಲೆ ಇದ್ದರೆ ಒಳಗೆ ಮರ ಹೋಗಿದೆ ಅಂತಲೇ ಲೆಕ್ಕ. ಈ ಅಳತೆ ಮಳೆ ನಿಂತು ಗಾಡಿ ಎರಡು ಮೂರು ವಾರ ತೆರೆದಿಟ್ಟ ಮೇಲೆ ಮಾಡಿ. ಸೆಪ್ಟೆಂಬರಿನಲ್ಲಿ ನನ್ನ ವರ್ಕ್‌ಶಾಪಿನ ಬೆಂಚು ಕೂಡ ತೇವ ತೋರಿಸುತ್ತದೆ.

ಬಾಗಿಲ ಹತ್ತಿರ ಮಾತ್ರ ಮೆತ್ತಗೆ, ಸ್ಕ್ರೂಡ್ರೈವರ್ ಚುಚ್ಚಿದರೆ ಮರ ಗಟ್ಟಿಯಾಗೇ ಇದೆ ಅಂದರೆ ಪ್ಲೈವುಡ್ಡಿನಿಂದ ಒಳಗಿನ ಫೋಮ್ ಬಿಟ್ಟುಕೊಂಡಿದೆ. ಇದು ಬಡಪಾಯಿ ಕಾಯಿಲೆ. ಸಣ್ಣ ತೂತು ಕೊರೆದು ಎಪಾಕ್ಸಿ ತುಂಬಿ ಮೇಲೆ ಭಾರ ಹೇರಿ ಎರಡು ದಿನ ಬಿಟ್ಟರೆ ಮುಗಿಯಿತು. ಮರ ಪುಡಿಯಾಗಿದ್ದರೆ ಆ ತುಂಡು ಕತ್ತರಿಸಿ ತೆಗೆದು ಮರೀನ್ ಪ್ಲೈ ಹಾಕಬೇಕು. ಪ್ಲೈ ಮೇಲೆ ಐಎಸ್ 710 ಮುದ್ರೆ ಇರಲಿ. ಐಎಸ್ 303 ಕೊಟ್ಟು ಎರಡೂ ಒಂದೇ ಅಂದರೆ ಒಂದೇ ಅಲ್ಲ. ಗೋಡೆಯ ಚೌಕಟ್ಟೇ ಎರಡು ಮೂರು ಕಡೆ ಹೋಗಿದ್ದರೆ ಮಾತ್ರ ಮಗನ ಮಾತು ಕೇಳಿ, ಆ ಗಾಡಿಗೆ ದುಡ್ಡು ಸುರಿಯಬೇಡಿ. ಮಾರುವಾಗ ಕೊಳ್ಳುವವರಿಗೆ ತೋರಿಸಿಯೇ ಮಾರಿ. ನಿಮಗೆ ತೋರಿಸದೆ ಮಾರಿದರಲ್ಲ ಎಂಬ ಬೇಜಾರು ಈಗ ನಿಮಗೇ ಇದೆ.

ಯಾವ ರಿಪೇರಿಯೂ ನೀರು ಬರುವ ತೂತು ಮುಚ್ಚಿದ ಮೇಲೆ. ಅದನ್ನು ಬಿಟ್ಟು ನೆಲ ಮಾಡಿಸಿದರೆ ಮುಂದಿನ ವರ್ಷ ಮತ್ತೆ ಬರುತ್ತೀರಿ, ನನಗೇನೋ ವ್ಯಾಪಾರ. ಹಳೇ ಸೀಲಿನ ಮೇಲೆ ಸಿಲಿಕೋನ್ ಎಳೆಯುವುದು ಎಲ್ಲರೂ ಮಾಡುವ ತಪ್ಪು. ಅದು ಒಂದು ಕಡೆ ಬಿಟ್ಟುಕೊಂಡರೆ ಒಳಗೆ ಹೋದ ನೀರನ್ನು ಹೊರಗೆ ಬರದಂತೆ ಹಿಡಿದಿಡುತ್ತದೆ, ಮತ್ತೆ ಆ ಜಾಗಕ್ಕೆ ಬೇರೆ ಯಾವ ಅಂಟೂ ಹಿಡಿಯುವುದಿಲ್ಲ. ಪಟ್ಟಿ ಪೂರ್ತಿ ಬಿಚ್ಚಿ, ಹಳೆಯದನ್ನು ಕೆರೆದು, ಬ್ಯುಟೈಲ್ ಟೇಪು ಹಾಕಿ, ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಬಿಗಿದು, ಅಂಚಿಗೆ ಪಾಲಿಯುರೆಥೇನ್ ಸೀಲಂಟ್ ಎಳೆಯಬೇಕು. ಎರಡು ದಿನದ ಕೆಲಸ. ಬಿಸಿಲು ಇರುವಾಗಲೇ ಆಗಬೇಕು, ಅಂದರೆ ನಮ್ಮ ಸುಗ್ಗಿ ಹಬ್ಬ ಪುತ್ತರಿ ಬರುವ ನವೆಂಬರ್ ಕೊನೆ, ಡಿಸೆಂಬರ್ ಹೊತ್ತಿಗೆ.

ಮುಂದಿನ ಮಳೆಗಾಲಕ್ಕೆ ಟಾರ್ಪಾಲು ಬಿಟ್ಟು ಶೀಟಿನ ಮಾಡು ಹಾಕಿಸಿ, ನಾಲ್ಕೂ ಬದಿ ತೆರೆದಿರಲಿ, ಗಾಡಿಯ ಸುತ್ತ ಮನುಷ್ಯ ಓಡಾಡುವಷ್ಟು ಜಾಗ ಇರಲಿ. ಟೈರಿನ ಕೆಳಗೆ ಹಲಗೆ. ಮೂತಿ ಸ್ವಲ್ಪ ಮೇಲೆ. ಕುಶನ್ನುಗಳನ್ನೆಲ್ಲ ಮನೆಯ ಅಟ್ಟಕ್ಕೆ ಹೊತ್ತುಕೊಂಡು ಹೋಗಿ, ಗಾಡಿಯ ಬೀರು ಬಾಗಿಲು ತೆರೆದಿಡಿ. ತೇವ ಹೀರುವ ಉಪ್ಪಿನ ಡಬ್ಬಿಗಳನ್ನು ಗಾಳಿಕಿಂಡಿ ತೆರೆದು ಒಳಗೆ ಇಡುತ್ತಾರೆ. ಅದು ಇಡೀ ಕೊಡಗನ್ನೇ ಒಣಗಿಸಲು ಹೊರಟ ಹಾಗೆ. ಗಾಳಿ ಆಡಲು ಬಿಡಿ, ಇಲ್ಲ ಪೂರ್ತಿ ಮುಚ್ಚಿ ಕರೆಂಟಿನ ಡಿಹ್ಯುಮಿಡಿಫೈಯರ್ ಇಡಿ, ಎರಡರಲ್ಲಿ ಒಂದು. ಜುಲೈಯಲ್ಲಿ ನಮ್ಮ ಕರೆಂಟನ್ನು ನಂಬಿ ಎರಡನೆಯದನ್ನು ಆರಿಸಲು ನನಗೆ ಧೈರ್ಯವಿಲ್ಲ.

ಬಟ್ಟೆ ತುರುಕಿದ ತೂತುಗಳ ವಿಷಯದಲ್ಲಿ ಮಾತ್ರ ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ, ಯಜಮಾನರು ಬೇಜಾರು ಮಾಡಿಕೊಳ್ಳಬಾರದು. ಇವತ್ತೇ ತೆಗೆಯಿರಿ. ಅಡುಗೆ ಗ್ಯಾಸು ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗುವುದಿಲ್ಲ, ನೀರಿನ ಹಾಗೆ ನೆಲದಲ್ಲಿ ತುಂಬುತ್ತದೆ. ಮನೆಯಲ್ಲಿ ಬಾಗಿಲ ಕೆಳಗಿಂದ ಹೊರಗೆ ಹೋದೀತು. ಕ್ಯಾರವಾನಿನಲ್ಲಿ ಅದಕ್ಕೆ ದಾರಿ ಆ ತೂತುಗಳೇ. ಇರುವೆಗೆ ಸಣ್ಣ ಕಣ್ಣಿನ ಸ್ಟೀಲ್ ಜಾಲರಿ ಹಾಕಿಸಿ, ಕಣಜ ಗೂಡು ಕಟ್ಟಿದೆಯಾ ಅಂತ ಆಗಾಗ ನೋಡಿ. ಓಡುವಾಗ ಸಿಲಿಂಡರ್ ಬಂದ್ ಇರಬೇಕು, ಫ್ರಿಜ್ ಗ್ಯಾಸಿನಲ್ಲಿ ಓಡುವಂಥದ್ದಾದರೂ ಸರಿ. ರಬ್ಬರ್ ಟ್ಯೂಬನ್ನು ಐದು ವರ್ಷಕ್ಕೆ ಬದಲಿಸಿ. ಇದಕ್ಕಿಂತ ನನಗೆ ಭಯ ಇರುವುದು ಕೆಂಡದ್ದು. ಚಳಿಗೆ ಬಾಣಲೆಯಲ್ಲಿ ಕೆಂಡ ತಂದು ಒಳಗೆ ಇಟ್ಟುಕೊಂಡು ಬಾಗಿಲು ಹಾಕಿ ಮಲಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹೊಗೆ ಇಲ್ಲವಲ್ಲ ಅನ್ನುತ್ತಾರೆ. ಕಾರ್ಬನ್ ಮಾನಾಕ್ಸೈಡಿಗೆ ಹೊಗೆಯೂ ಇಲ್ಲ, ವಾಸನೆಯೂ ಇಲ್ಲ, ನಿದ್ದೆಯಲ್ಲೇ ಮುಗಿಸುತ್ತದೆ. ಕಂಬಳಿ ಇನ್ನೊಂದು ಒಯ್ಯಿರಿ. ಆ ಗ್ಯಾಸಿಗೆ ಅಲಾರಂ ಸಿಗುತ್ತದೆ, ಅದೊಂದು, ಎರಡು ಕೆಜಿಯ ಪೌಡರ್ ಅಗ್ನಿಶಾಮಕ ಒಂದು ಬಾಗಿಲ ಬಳಿ ಇರಲಿ.

ಮಗನ ಎಸಿ. ನಿಮ್ಮ ಗಾಡಿಯಲ್ಲಿ 100 ಆಂಪಿಯರ್-ಅವರಿನ 12 ವೋಲ್ಟ್ ಲೆಡ್ ಬ್ಯಾಟರಿ ಇದೆ ಅಂದುಕೊಳ್ಳೋಣ. ಒಟ್ಟು 1200 ವ್ಯಾಟ್-ಅವರ್. ಬ್ಯಾಟರಿ ಬಾಳಬೇಕಾದರೆ ಅರ್ಧ ಮಾತ್ರ ಬಳಸಬೇಕು, 600. ಒಂದು ಟನ್ ಎಸಿ ಸಾವಿರ ವ್ಯಾಟ್ ಎಳೆದರೆ ಅರ್ಧ ಗಂಟೆ ಆಯಿತು. ಲಿಥಿಯಂ ಹಾಕಿದರೂ ಒಂದು ಗಂಟೆ. ಮಡಿಕೇರಿಯಲ್ಲಿ ಎಸಿ ಯಾಕೆ ಬೇಕು ಅಂತ ನಾನು ಕೇಳುವುದಿಲ್ಲ, ಮಂಗಳೂರಿನಲ್ಲಿ ಬೇಕಾಗುತ್ತದೆ, ಒಪ್ಪುತ್ತೇನೆ. ಅಲ್ಲಿ ಕರೆಂಟ್ ಪಾಯಿಂಟ್ ಇರುವ ಜಾಗದಲ್ಲಿ ನಿಲ್ಲಿಸಿ, ಕರೆಂಟ್ ಸೋರಿದರೆ ತಾನಾಗಿ ಬಂದ್ ಮಾಡುವ 30 ಮಿಲಿಆಂಪ್‌ನ ಆರ್‌ಸಿಸಿಬಿ ಸ್ವಿಚ್ ಹಾಕಿಸಿಕೊಂಡೇ ಸಿಕ್ಕಿಸಿ. ಉಳಿದಂತೆ 30 ವ್ಯಾಟಿನ ಎರಡು ಫ್ಯಾನು, ಎಲ್‌ಇಡಿ ದೀಪ, ಸಣ್ಣ ಫ್ರಿಜ್. ಇದಕ್ಕೆ ಡಿಸೆಂಬರಿನ ಬಿಸಿಲಿಗೆ 200 ವ್ಯಾಟಿನ ಸೋಲಾರ್ ಹೆಚ್ಚು ಕಮ್ಮಿ ಸಾಕಾಗುತ್ತದೆ. ಮಳೆಗಾಲದಲ್ಲಿ ಆ ಪ್ಯಾನೆಲ್ ಸುಮ್ನೆ ತಗಡು. ಬ್ಯಾಟರಿ ಬಿಚ್ಚಿ ಮನೆಗೆ ತಂದು ತಿಂಗಳಿಗೊಮ್ಮೆ ಚಾರ್ಜ್ ಮಾಡಿ, 12.4 ವೋಲ್ಟಿಗಿಂತ ಕೆಳಗೆ ಇಳಿಯಲು ಬಿಡಬೇಡಿ.

ಕಾಗದದ ಕೆಲಸವೂ ಒಂದಿದೆ. ಟ್ರೈಲರ್ ಕಾನೂನಿನ ಲೆಕ್ಕದಲ್ಲಿ ಬೇರೆಯದೇ ವಾಹನ, ಅದಕ್ಕೆ ಅದರದ್ದೇ ಆರ್‌ಸಿ, ಅದರದ್ದೇ ನಂಬರ್. ತಮಿಳುನಾಡಿನ ನಂಬರಿನದಾದರೆ ಅಲ್ಲಿಂದ ಫಾರಂ 28ರ ಎನ್‌ಒಸಿ ತರಿಸಿ, 12 ತಿಂಗಳ ಒಳಗೆ ಮಡಿಕೇರಿಯಲ್ಲಿ ಕೆಎ-12ಕ್ಕೆ ಬದಲಿಸಿಕೊಳ್ಳಿ. ಆರ್‌ಸಿಯ ಚಾಸಿ ನಂಬರ್, ಗಾಡಿಯ ಮೇಲೆ ಕೊರೆದ ನಂಬರ್ ಎರಡೂ ಹೊಂದುತ್ತವಾ ಅಂತ ಕೈಯಿಂದ ಒರೆಸಿ ನೋಡಿ. ಇನ್ಶೂರೆನ್ಸಿನವರಿಗೆ ಟ್ರೈಲರ್ ಎಳೆಯುತ್ತೇವೆ ಎಂದು ಬರವಣಿಗೆಯಲ್ಲಿ ತಿಳಿಸಿ, ಟ್ರೈಲರಿಗೂ ಪಾಲಿಸಿ ಮಾಡಿಸಿ. ಓಡುವಾಗ ಒಳಗೆ ಯಾರೂ ಕೂರಬಾರದು, ಮೊಮ್ಮಕ್ಕಳು ಎಷ್ಟೇ ಹಟ ಮಾಡಲಿ.

ಹಾಗಾದರೆ ಮಾರಬೇಕಾ? ಚೌಕಟ್ಟು ಗಟ್ಟಿ ಇದ್ದರೆ ನಾನಾದರೆ ಮಾರುವುದಿಲ್ಲ. ಸೀಲು, ನೆಲದ ತುಂಡು, ಬ್ರೇಕು, ಟೈರು, ಈ ನಾಲ್ಕು ಮಾಡಿಸಿದರೆ ಗಾಡಿ ಹತ್ತು ವರ್ಷ ಬರುತ್ತದೆ. ಮಾಡು ಹಾಕಿಸುವ ಮನಸ್ಸಿಲ್ಲದಿದ್ದರೆ ಮಾತ್ರ ಈಗಲೇ ಮಾರಿ, ಇನ್ನೊಂದು ಮಳೆಗಾಲ ಟಾರ್ಪಾಲಿನ ಒಳಗೆ ಕಳೆದರೆ ಬೆಲೆ ಅರ್ಧವಾಗುತ್ತದೆ. ನಡುವಿನ ದಾರಿಯೂ ಇದೆ. ನಿಮ್ಮ ತೋಟದಲ್ಲೇ ಮಾಡಿನ ಕೆಳಗೆ ನಿಲ್ಲಿಸಿ, ನೆಂಟರು ಬಂದಾಗ ಮಲಗುವ ಕೋಣೆ ಮಾಡಿಕೊಳ್ಳುವುದು. ರಸ್ತೆಯ ರಿಸ್ಕು ಇಲ್ಲ, ತೇವದ ಕಾಟ ಹಾಗೇ ಇರುತ್ತದೆ.

ಡಿಸೆಂಬರಿಗೆ ಮುಂಚೆ ಒಮ್ಮೆ ನಾಪೋಕ್ಲುವಿನಿಂದ ಮೂರ್ನಾಡಿನ ತನಕ ಬೆಳಿಗ್ಗೆ ಬೇಗ ಎಳೆದು ನೋಡಿ. ವೇಬ್ರಿಡ್ಜಿನ ಚೀಟಿ, ಮೂತಿಯ ತೂಕ ಎರಡೂ ಬರೆದು ಕಳುಹಿಸಿ, ನೋಡಿ ಹೇಳುತ್ತೇನೆ. ಮತ್ತೆ ಆ ಅಕ್ಕಿ ಮೂಟೆ ಇನ್ನೂ ಟಾಯ್ಲೆಟ್ಟಿನಲ್ಲೇ ಇದ್ದರೆ ಇವತ್ತೇ ಮನೆಯೊಳಗೆ ಸಾಗಿಸಿ. ಅಕ್ಕಿ, ಹಲಸು, ಉಪ್ಪು ಇರುವ ಜಾಗವನ್ನು ಆನೆ ಮೂಗಿನಲ್ಲೇ ಹುಡುಕುತ್ತದೆ, ಅದಕ್ಕೆ ಕ್ಯಾರವಾನಿನ ಗೋಡೆ ಒಂದು ಹಪ್ಪಳ.